ಮುತ್ಯಾನ ಮಗ್ಗದ ಹಡಗು

ಇಳಕಲ್ಲಿನ ನಮ್ಮ ಓಣಿ ಮಗ್ಗದ ಸದ್ದಿಗೇ ಎಚ್ಚರಾಗುತ್ತಿದ್ದ ಕಾಲ ಅದು. ಯಾವುದಾದರೂ ಮನೆಯಲ್ಲಿ ಸದ್ದು ನಿಂತರೆ ಪಕ್ಕದವರು ಏನಾಯಿತೋ ಎಂದು ಇಣುಕಿ ನೋಡುತ್ತಿದ್ದರು. ನಾನು ಆರನೇ ಇಯತ್ತೆ ಮುಗಿಸಿದ ಬೇಸಿಗೆಯಲ್ಲಿ ನಮ್ಮ ಮನೆಯ ಸದ್ದೂ ನಿಂತಿತು. ನನ್ನ ಅಪ್ಪನ ಅಪ್ಪ, ನಮ್ಮ ಮುತ್ಯಾ, ಕಣ್ಣು ಮಂಜಾಗಿ ಎಳೆ ಕಾಣದೆ ಮಗ್ಗ ಬಿಟ್ಟ. ಮಗ್ಗವನ್ನು ಬಿಚ್ಚಿ ಮರದ ತುಂಡುಗಳನ್ನು ಗೋಡೆಗೆ ಆನಿಸಿಟ್ಟರು. ಅವನು ಕಾಲು ಇಳಿಬಿಟ್ಟು ಕೂರುತ್ತಿದ್ದ ಕುಣಿಯನ್ನು ಮಣ್ಣಿನಿಂದ ಮುಚ್ಚಿ ಸಾರಿಸಿದ ದಿನ, ಅವ್ವ ಮಾಡಿದ ಬಿಸಿ ರೊಟ್ಟಿ ಜುಣಕ ಯಾರಿಗೂ ಸೇರಲಿಲ್ಲ.

ಅದೇ ಬೇಸಿಗೆಯಲ್ಲಿ ನನ್ನ ತಲೆಗೆ ಹಡಗು ಹೊಕ್ಕಿತ್ತು. ರಜೆ ಮುಗಿಸಿ ಬರುವಾಗ ಎಲ್ಲರೂ ಒಂದೊಂದು ವಾಹನ ಮಾಡಿಕೊಂಡು ಬರಬೇಕೆಂದು ಶಾಲೆಯಲ್ಲಿ ಹೇಳಿದ್ದರು. ಗೆಳತಿಯರೆಲ್ಲ ಜೋಳದ ದಂಟು ಸೀಳಿ ಚಕ್ಕಡಿ ಮಾಡುತ್ತಿದ್ದರು. ನನಗೆ ಹಡಗೇ ಬೇಕು. ಸಮುದ್ರ ನೋಡಿದವರು ನಮ್ಮ ಮನೆಯಲ್ಲಿ ಯಾರೂ ಇರಲಿಲ್ಲ. ನಾನು ಹಡಗು ನೋಡಿದ್ದು ಬೆಂಕಿಪೆಟ್ಟಿಗೆಯ ಚಿತ್ರದಲ್ಲಿ ಮಾತ್ರ. ಆದರೆ ನನ್ನ ಹಟ ಓಣಿಗೆಲ್ಲ ಗೊತ್ತಿತ್ತು.

ಹಡಗಿನ ಮಗ್ಗುಲಿಗೆ ಮರ ಬೇಕೆಂದು ಮುತ್ಯಾನ ಬಳಿ ಗೋಗರೆದೆ. ಅವನು ಗೋಡೆ ತಡವಿ ಮಗ್ಗದ ಒಂದು ಸಾಗವಾನಿ ತುಂಡು ಎತ್ತಿ ಕೊಟ್ಟ. ಮಗುವಿನ ಕೈಗೆ ಕೊಟ್ಟು ಹಾಳು ಮಾಡಿಸುತ್ತಾನೆಂದು ಅವ್ವ ಗೊಣಗಿದಳು. ಮುತ್ಯಾ ಕೇಳದವನಂತೆ ಬಡಿಗನ ಮನೆಗೆ ಕಳಿಸಿ, ಉಗುರಿನಷ್ಟು ತೆಳ್ಳಗೆ, ಮೊಳದುದ್ದದ ಹದಿನಾರು ಪಟ್ಟಿ ಕೊಯ್ಯಿಸಿದ. ಮೂಸಿದರೆ ಇನ್ನೂ ಎಣ್ಣೆಯ, ಹಳೆಯ ಗಂಜಿಯ ವಾಸನೆ ಬರುತ್ತಿತ್ತು.

ಆದರೆ ನಲವತ್ತು ವರ್ಷ ಒಣಗಿದ ಕಟ್ಟಿಗೆ ನನ್ನ ಮಾತು ಕೇಳಬೇಕಲ್ಲ. ಮೊದಲ ಪಟ್ಟಿ ತುಸು ಬಗ್ಗಿಸಿದ್ದೇ ತಡ, ಚಟ್ಟೆಂದು ಎರಡಾಯಿತು. ಹೊರಗೆ ಕಟ್ಟೆಯ ಮೇಲೆ ಕೂತಿದ್ದ ಮುತ್ಯಾ ಕಿವಿ ನಿಮಿರಿಸಿದ.

“ಎಷ್ಟ ಉಳದಾವು?”

“ಹದಿನೈದು, ಮುತ್ಯಾ.”

ಮುತ್ಯಾ ತಲೆಯಾಡಿಸಿದ. ಮರುದಿನ ಇನ್ನೆರಡು ಮುರಿದವು. ಅವನ ಮಗ್ಗವನ್ನು ಒಲೆಯ ಪುರಳೆ ಮಾಡುತ್ತಿದ್ದೇನೆಂಬುದು ನನಗೆ ಗೊತ್ತಾಗುತ್ತಿತ್ತು, ಬಿಡಲು ಮಾತ್ರ ಆಗುತ್ತಿರಲಿಲ್ಲ. ಒಮ್ಮೆ ಸದ್ದು ಕೇಳಿಸಬಾರದೆಂದು ಕೌದಿಯೊಳಗೆ ಹೊಕ್ಕು ಬೆವರುತ್ತ ಬಗ್ಗಿಸಿದೆ. ಅದೂ ಮುರಿಯಿತು. ಹೊರಗಿನಿಂದ ಅದೇ ಪ್ರಶ್ನೆ ಬಂತು.

ಕೊನೆಗೆ ಅವ್ವನೇ ಸೆರಗು ಸಿಕ್ಕಿಸಿ ನಿಂತಳು. ನಮ್ಮ ಮನೆಯಲ್ಲಿ ಹರಿಯುವ ಎಳೆಗೆ ಇದ್ದದ್ದು ಒಂದೇ ಮದ್ದು, ಗಂಜಿ. ನೂಲಿಗೆ ಆಗುವುದು ಕಟ್ಟಿಗೆಗೆ ಯಾಕೆ ಆಗಬಾರದು ಎಂದು ದೊಡ್ಡ ಬೋಗುಣಿಯಲ್ಲಿ ಗಂಜಿ ಕಾಯಿಸಿ, ಪಟ್ಟಿಗಳನ್ನು ಅದ್ದಿ, ಮಗ್ಗಕ್ಕೆ ಏರಿಸುವ ಹಾಸಿನ ನೂಲಿನಂತೆಯೇ ಮಾಳಿಗೆಯ ಬಿಸಿಲಿಗೆ ಹಾಕಿದೆವು. ಸಂಜೆಗೆ ಹಪ್ಪಳದ ಹಾಗೆ ಗರಿಗರಿಯಾಗಿದ್ದವು. ಒಂದಾದ ಮೇಲೊಂದು ಐದು ಹೋದವು. ಅವ್ವ ಸೆರಗು ಬಾಯಿಗಿಟ್ಟು ನಕ್ಕಳು. ಮುತ್ಯಾನ ಮುಖ ನೋಡಿ ಬೋಗುಣಿ ಎತ್ತಿಕೊಂಡು ಒಳಗೆ ಹೋದಳು.

ಉಳಿದ ಏಳನ್ನು ತಂದು ಅವನ ತೊಡೆಯ ಮೇಲಿಟ್ಟೆ. ಅಳು ಬಂದಿತ್ತು.

“ಇವನ್ನರ ಇಟ್ಕೋ ಮುತ್ಯಾ. ನನಗ ಹಡಗ ಬ್ಯಾಡ.”

“ಗ್ವಾಡಿಗೆ ಆನಿಸಿಟ್ರ ಇವೇನ್ ಸೀರಿ ನೇಯ್ತಾವೇನ? ನಡಿ, ಬಣ್ಣದ ಮನಿಗೆ ಹೋಗೂಣು.”

ನನ್ನ ಹೆಗಲು ಹಿಡಿದು ನಡೆದ. ಓಣಿಯ ತುದಿಯಲ್ಲಿ ನೂಲಿಗೆ ಬಣ್ಣ ಹಾಕುವ ಕಾಕಾನ ಮನೆ. ಹಂಡೆಯಲ್ಲಿ ನೂಲಿನ ಲಡಿ ತಿರುಗಿಸುವ ಕೋಲುಗಳು ದಿನಾ ಕುದಿಯುವ ನೀರು ಕುಡಿದು ಬಗ್ಗುವುದನ್ನು ಮುತ್ಯಾ ಕಣ್ಣಿದ್ದಾಗ ನೋಡಿದ್ದನಂತೆ. ಹೊಗೆ, ಬಣ್ಣದ ಘಾಟು, ಕೊತಕೊತ ಕುದಿಯುವ ಕೆಂಪು ನೀರು. ಪಟ್ಟಿಗಳೂ ಕೆಂಪಾಗುತ್ತವೆ ಎಂದು ಕಾಕಾ ಎಚ್ಚರಿಸಿದ. ಆಗಲಿ ಬಿಡು ಎಂದ ಮುತ್ಯಾ.

ಅವು ಚೆನ್ನಾಗಿ ಕುದಿಯುವವರೆಗೆ ಕಾದೆವು. ಕಾಕಾ ತಾಮ್ರದ ಕೊಡವೊಂದನ್ನು ಮಗ್ಗುಲಾಗಿಸಿ ಇಟ್ಟ. ಮುತ್ಯಾ ಒದ್ದೆ ಅರಿವೆ ಸುತ್ತಿದ ನನ್ನ ಕೈಗಳ ಮೇಲೆ ತನ್ನ ಕೈ ಇಟ್ಟು, ಹಬೆಯಾಡುವ ಪಟ್ಟಿಯನ್ನು ಕೊಡದ ಹೊಟ್ಟೆಗೆ ಒತ್ತಿದ.

“ಅವಸರ ಮಾಡಬ್ಯಾಡ. ಅದು ಹೂಂ ಅನ್ನೂತನಕ ತಡಿ.”

ತಡೆದೆ. ಅಂಗೈಯೊಳಗೆ ಕಟ್ಟಿಗೆ ನಿಧಾನಕ್ಕೆ ಸಡಿಲವಾದದ್ದು ಇಂದಿಗೂ ನೆನಪಿದೆ. ಅದು ಕೊಡದ ಮೈಗೆ ಕೂತಿತು. ತುಂಡು ನೂಲಿನಿಂದ ಬಿಗಿದು ಕಟ್ಟಿದೆವು. ಉಳಿದವನ್ನು ನಾನೇ ಬಗ್ಗಿಸಿದೆ, ಅವನು ಪಕ್ಕದಲ್ಲಿ ಕೂತಿದ್ದ. ಅವಸರದಲ್ಲಿ ಒಂದು ಮುರಿಯಿತು. ಆ ಸಲ ಅವನು ನಕ್ಕುಬಿಟ್ಟ.

ಆರು ಪಟ್ಟಿಗಳಲ್ಲಿ ಆದಷ್ಟೇ ಹಡಗು. ಒಂದು ಮಗ್ಗುಲಿಗೆ ಮೂರು, ಮೊಳಕ್ಕಿಂತ ತುಸು ಗಿಡ್ಡ, ಇಳಕಲ್ ಸೀರೆಯ ಸೆರಗಿನ ಕೆಂಪು. ಶಾಲೆಯಲ್ಲಿ ಬಹುಮಾನ ಚಕ್ಕಡಿಗೆ ಹೋಯಿತು, ಅದರ ಗಾಲಿ ತಿರುಗುತ್ತಿತ್ತು. ಮನೆಗೆ ತಂದು ಮುತ್ಯಾನ ತೊಡೆಯ ಮೇಲಿಟ್ಟೆ. ಮೂತಿಯಿಂದ ಹಿಂಬದಿಯವರೆಗೆ ಬೆರಳಾಡಿಸಿ, ನೇಕಾರನೇ ಆಗಿ, ಈ ಕಡೆ ಒಂದು ಎಳೆ ಸಡಿಲ ಇದೆ ಎಂದ. ಹೌದು, ಇತ್ತು. ಬಿಗಿಮಾಡಿಕೊಟ್ಟೆ.

ಈಗ ನಾನು ಬಾಗಲಕೋಟೆಯ ನವನಗರದಲ್ಲಿದ್ದೇನೆ. ಹಡಗು ಜೋಡಿಸುವ ಪೆಟ್ಟಿಗೆಗಳು ಕೊರಿಯರ್‌ನಲ್ಲಿ ಮನೆಬಾಗಿಲಿಗೆ ಬರುತ್ತವೆ. ಮುರಿದರೆ ಇನ್ನೊಂದು ತರಿಸಬಹುದು. ನನ್ನ ಹಡಗನ್ನು ಎಂದೋ ಗೆದ್ದಲು ತಿಂದಿತು, ಅದಕ್ಕಾಗಿ ನನಗೆ ದುಃಖವಿಲ್ಲ. ಹನ್ನೊಂದು ವರ್ಷದ ಹುಡುಗಿ ಮುತ್ಯಾನ ಬದುಕಿನ ಕಟ್ಟಿಗೆಯನ್ನು ಒಂದೊಂದಾಗಿ ಮುರಿಯುವಾಗ ಒಂದು ಮಾತೂ ಬಯ್ಯದೆ ಕೂತಿದ್ದನಲ್ಲ, ಅಂಥವನ ಮೊಮ್ಮಗಳಾಗಿ ಹುಟ್ಟಿದ್ದಕ್ಕೆ ದಿನಾ ಕೈ ಮುಗಿಯುತ್ತೇನೆ.

ಹೋದ ತಿಂಗಳು ಮಗಳು ಶಾಲೆಯ ನಾಟಕಕ್ಕೆ ಉಟ್ಟುಕೊಳ್ಳಲು ಮುತ್ಯಾ ನೇಯ್ದ ಕೊನೆಯ ಸೀರೆಯನ್ನು ಕೇಳಿದಳು. ಹರಿದೀತೆಂದು ಬೇಡವೆಂದೆ, ಬೀರುವಿನಲ್ಲಿಟ್ಟು ಕೀಲಿ ಹಾಕಿದೆ. ಮುತ್ಯಾ ನನಗೆ ತನ್ನ ಮಗ್ಗವನ್ನೇ ಕೊಟ್ಟಿದ್ದ. ನನ್ನ ಕೈಯಿಂದ ಒಂದು ಸೀರೆ ಕೊಡಲಾಗಲಿಲ್ಲ.