ಶುಕ್ರವಾರದ ಪಾಠ

ದೋಹಾದ ಅಲ್ ಸದ್ದ್‌ನಲ್ಲಿ ನಮ್ಮ ಎದುರಿನ ಫ್ಲ್ಯಾಟಿನಲ್ಲಿ ಎರಿಟ್ರಿಯಾದ ಒಂದು ಸಂಸಾರವಿತ್ತು. ಗಂಡ ದುಖಾನ್‌ನಲ್ಲಿ ಎಣ್ಣೆಬಾವಿಗಳ ಮೆಕ್ಯಾನಿಕ್. ವಾರವಿಡೀ ಕಂಪೆನಿಯ ಕ್ಯಾಂಪಿನಲ್ಲಿದ್ದು ಗುರುವಾರ ಸಂಜೆ ಮನೆಗೆ ಬರುತ್ತಿದ್ದರು. ಹೆಂಡತಿ ಊರಿನಲ್ಲಿ ಟೀಚರಾಗಿದ್ದವಳು. ಯುದ್ಧದಲ್ಲಿ ಶಾಲೆಯ ಮೇಲೆ ಬಾಂಬು ಬಿದ್ದ ಮೇಲೆ ಸುಡಾನಿಗೆ ಓಡಿಹೋಗಿ, ಅಲ್ಲಿಂದ ಹೇಗೋ ದೋಹಾ ಸೇರಿದ್ದಳು. ನಾನೂ ಇಲ್ಲಿಯ ಒಂದು ಇಂಡಿಯನ್ ಸ್ಕೂಲಿನಲ್ಲಿ ಸಣ್ಣ ಮಕ್ಕಳಿಗೆ ಪಾಠ ಹೇಳುತ್ತಿದ್ದೆ. ಗೆಳೆತನ ಬೆಳೆಯಲು ಅಷ್ಟು ಸಾಕಾಯಿತು. ನನ್ನ ಮಂಗಳೂರಿನ ಇಂಗ್ಲಿಷು, ಆಕೆಯ ಅರಬ್ಬಿ ಬೆರೆತ ಇಂಗ್ಲಿಷು, ನಡುವೆ ಆಕೆ ಹುರಿದು ಮಾಡುವ ಕಾಫಿ.

ತೊಂಬತ್ತರ ದಶಕದ ಆರಂಭದಲ್ಲಿ ಆಕೆಯ ದೇಶ ಸ್ವತಂತ್ರವಾಯಿತು. ಶಾಲೆಗಳನ್ನು ಮತ್ತೆ ಕಟ್ಟಲು ಟೀಚರುಗಳು ಬೇಕು ಎಂದು ರಾಜಧಾನಿ ಅಸ್ಮಾರಾದಿಂದ ಕರೆ ಬಂತು. ಆಕೆ ಹೊರಟು ನಿಂತಳು. ತೊಡಕಿದ್ದದ್ದು ಆರು ವರ್ಷದ ಮಗಳದ್ದು. ಅಲ್ಲಿ ಮನೆ ಗೊತ್ತಿಲ್ಲ, ನೀರು ಗೊತ್ತಿಲ್ಲ, ದಾರಿಗಳಲ್ಲಿ ಇನ್ನೂ ನೆಲಬಾಂಬುಗಳು.

“ನನ್ನ ಹತ್ತಿರ ಬಿಡು. ನಮ್ಮ ಸ್ಕೂಲಿಗೇ ಸೇರಿಸ್ತೇನೆ,” ಎಂದೆ. ನನ್ನ ಮಗನಿಗೂ ಹೆಚ್ಚುಕಮ್ಮಿ ಅದೇ ವಯಸ್ಸು.

ಆಕೆ ಕೇಳಿದ್ದು ಒಂದೇ ಒಂದು. ಅವರ ಊರಿನ ಹೆಂಗಸರು ಶುಕ್ರವಾರಗಳಂದು ಒಬ್ಬರ ಮನೆಯಲ್ಲಿ ಮಕ್ಕಳನ್ನು ಕೂರಿಸಿ ತಮ್ಮ ಮನೆಮಾತು ತಿಗ್ರಿನ್ಯಾದ ಅಕ್ಷರ ಕಲಿಸುತ್ತಿದ್ದರು. “ಅಲ್ಲಿಗೆ ಅವಳನ್ನು ತಪ್ಪಿಸಬೇಡ. ಬೇರೆ ಏನೂ ಬೇಡ,” ಎಂದಳು. ನಾನು ಮಾತು ಕೊಟ್ಟೆ.

ಮೊದಲ ಕೆಲವು ತಿಂಗಳು ನಿಯತ್ತಾಗಿ ಕರೆದುಕೊಂಡು ಹೋದೆ. ಆಮೇಲೆ ಸೆಕೆ ಸುರುವಾಯಿತು. ಹುಡುಗಿ ಹೋಗುವುದಿಲ್ಲವೆಂದು ಅತ್ತಳು. ಒಂದು ಶುಕ್ರವಾರ ನಮ್ಮ ತುಳು ಕೂಟದವರ ಊಟವಿತ್ತು, ಇನ್ನೊಂದು ಶುಕ್ರವಾರ ನನಗೆ ಪರೀಕ್ಷೆಯ ಪೇಪರು ತಿದ್ದುವುದಿತ್ತು. ಅವಳ ಅಪ್ಪ ವಾರದ ದಣಿವಿನಲ್ಲಿ ಮಧ್ಯಾಹ್ನದವರೆಗೆ ಮಲಗಿರುತ್ತಿದ್ದರು, ಅವರನ್ನು ಎಬ್ಬಿಸಲು ಮನಸ್ಸಾಗುತ್ತಿರಲಿಲ್ಲ. ಹೀಗೆ ಬಿಟ್ಟು ಬಿಟ್ಟು ಕೊನೆಗೆ ಆ ಪಾಠ ನಿಂತೇ ಹೋಯಿತು.

ಅಷ್ಟರಲ್ಲಿ ಇನ್ನೊಂದು ಸಂಗತಿ ಆಗಿತ್ತು. ನನ್ನ ಮಗ ಕನ್ನಡದಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವ ಹುಡುಗ. ಈ ಹುಡುಗಿ ಹಾಗಲ್ಲ. ನಾನು ಅಡುಗೆಮನೆಯಲ್ಲಿ ಆಡಿದ ಪ್ರತಿ ಮಾತನ್ನೂ ಹಿಡಿದುಕೊಳ್ಳುತ್ತಿದ್ದಳು. ಅಪ್ಪನ ಜೊತೆ ಆಡುವ ತಿಗ್ರಿನ್ಯಾ ಮಾತ್ರ ವಾರದಿಂದ ವಾರಕ್ಕೆ ಕಡಿಮೆಯಾಯಿತು. ಧೂಳುಗಾಳಿ ಬೀಸಿ ಹೋದ ಬೆಳಿಗ್ಗೆ, ಕೆಳಗೆ ನಿಂತ ಕಾರಿನ ಗಾಜಿನ ಮೇಲೆ ಬೆರಳಿನಿಂದ ಅ, ಆ, ಇ, ಈ ಬರೆದು, “ಸರಿ ಉಂಟಾ?” ಎಂದು ನನ್ನನ್ನೇ ಕೇಳಿದಳು. ನನಗೆ ಎಷ್ಟು ಖುಷಿಯಾಯಿತು ಎಂದರೆ, ಮುಂದಿನ ಕೂಟದಲ್ಲಿ ಅವಳನ್ನು ಕುರ್ಚಿಯ ಮೇಲೆ ನಿಲ್ಲಿಸಿ ಕನ್ನಡದ ಪದ್ಯ ಹೇಳಿಸಿದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಮನೆಗೆ ಬರುವಾಗ ನನ್ನ ಗಂಡ ಕಾರಿನಲ್ಲಿ ಕೇಳಿದರು, “ಅವಳ ಅಮ್ಮ ಬಂದ್ರೆ ಎಂತ ಹೇಳ್ತಿ ನೀನು?”

“ಎಂತ ಹೇಳ್ಲಿಕ್ಕುಂಟು? ಇನ್ನೊಂದು ಭಾಷೆ ಕಲಿತ್ರೆ ಒಳ್ಳೇದಲ್ವಾ?” ಎಂದೆ. ಆಗಲೇ ಅವಳು ಮಗನನ್ನು ನೋಡಿ ನನ್ನನ್ನು ಅಮ್ಮ ಎನ್ನಲು ಸುರುಮಾಡಿದ್ದಳು. ನಾನು ತಿದ್ದಿರಲಿಲ್ಲ.

ಎರಡನೆಯ ವರ್ಷ ಕಳೆಯುವ ಹೊತ್ತಿಗೆ ಗೆಳತಿ ಬಂದಳು. ಬಿಸಿಲಿಗೆ ಸುಟ್ಟು ತೆಳ್ಳಗಾಗಿದ್ದಳು, ಆದರೆ ಮಾತಿನಲ್ಲಿ ಹೊಸ ಹುರುಪು. ಹಡಗಿನ ಕಂಟೇನರಿನೊಳಗೆ ತರಗತಿ ನಡೆಸಿದ್ದು, ನಿನ್ನೆ ಮೊನ್ನೆಯವರೆಗೆ ಬಂದೂಕು ಹಿಡಿದಿದ್ದ ಹುಡುಗರು ಟೀಚರಾದದ್ದು, ಕೂರಲು ಮಕ್ಕಳೇ ಕಲ್ಲು ಹೊತ್ತು ತಂದದ್ದು, ಎಲ್ಲ ಹೇಳಿದಳು. ಪ್ರತಿ ಮಗುವೂ ಮೊದಲು ತನ್ನ ಮನೆಮಾತಿನಲ್ಲಿ ಓದಬೇಕು ಎಂದು ಅಲ್ಲಿ ನಿರ್ಧಾರವಾಗಿತ್ತು. ಒಂದನೇ ತರಗತಿಯ ತಿಗ್ರಿನ್ಯಾ ಪುಸ್ತಕ ಮಾಡಿದವರಲ್ಲಿ ಆಕೆಯೂ ಒಬ್ಬಳು. ಆ ಪುಸ್ತಕವನ್ನು ಚೀಲದಿಂದ ತೆಗೆದು ಮಗಳ ಮಡಿಲಲ್ಲಿಟ್ಟು, ತಮ್ಮ ಭಾಷೆಯಲ್ಲಿ ಬೇಗ ಬೇಗ ಏನೋ ಹೇಳಿದಳು.

ಹುಡುಗಿ ಚಿತ್ರಗಳನ್ನು ನೋಡಿದಳು, ಅಕ್ಷರಗಳನ್ನು ದಾಟಿದಳು. ಆಮೇಲೆ ನನ್ನ ಕಡೆ ತಿರುಗಿ ಕನ್ನಡದಲ್ಲಿ ಕೇಳಿದಳು, “ಅಮ್ಮ, ಇವರು ಎಂತ ಹೇಳ್ತಾ ಇದ್ದಾರೆ?”

ಗೆಳತಿಗೆ ಕನ್ನಡ ಬಾರದಿದ್ದರೂ ಆ ಮೊದಲ ಪದ ಅರ್ಥವಾಗದೆ ಇರಲಿಲ್ಲ. ಆಕೆ ಪುಸ್ತಕ ಎತ್ತಿಕೊಂಡು ಮೇಜಿನ ಮೇಲಿಟ್ಟಳು. ನಾನು ಮಕ್ಕಳಿಬ್ಬರನ್ನೂ ಒಳಗೆ ಕಳಿಸಿದೆ.

“ಶುಕ್ರವಾರದ ಪಾಠ ನಾನೇ ಬಿಡಿಸಿದ್ದು,” ಎಂದೆ.

“ಗೊತ್ತು. ಅವಳಪ್ಪ ಹೇಳಿದ್ದಾರೆ, ಹೋದ ವರ್ಷವೇ.”

“ಮತ್ತೆ ನೀನು ಯಾಕೆ ಕೇಳಲಿಲ್ಲ?”

“ಕೇಳಿ? ನೀನು ಬೇಜಾರಾಗಿ ಇವಳನ್ನು ಇಟ್ಟುಕೊಳ್ಳುವುದಿಲ್ಲ ಎಂದಿದ್ದರೆ ನಾನು ಕೆಲಸ ಬಿಟ್ಟು ಬರಬೇಕಿತ್ತು. ಅಲ್ಲಿ ನನ್ನ ಎದುರು ಅಷ್ಟು ಮಕ್ಕಳು ಕೂತಿದ್ದರು.” ಮಕ್ಕಳು ಹೋದ ಕೋಣೆಯ ಕಡೆ ನೋಡಿ ಮತ್ತೆ ಹೇಳಿದಳು, “ಚೆನ್ನಾಗಿ ಬೆಳೆಸಿದ್ದೀಯ. ಅವಳ ಕೆನ್ನೆ ನೋಡು.”

ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ರಜೆ ಮುಗಿಯುವವರೆಗೆ ಆಕೆ ಮಗಳನ್ನು ತಮ್ಮ ಫ್ಲ್ಯಾಟಿನಲ್ಲೇ ಇಟ್ಟುಕೊಂಡು ಪಾಠ ಮಾಡಿದಳು. ಎದುರು ಬಾಗಿಲಿನಿಂದ ಹುಡುಗಿಯ ಅಳು ಕೇಳುತ್ತಿತ್ತು. ನಾನು ಎರಡು ಸಲ ಬಾಗಿಲ ತನಕ ಹೋಗಿ ಹಿಂದೆ ಬಂದೆ. ಆಕೆ ಮಗಳನ್ನೂ ಕರೆದುಕೊಂಡು ಊರಿಗೆ ಹೊರಟ ದಿನ ವಿಮಾನ ನಿಲ್ದಾಣದಲ್ಲಿ ಹುಡುಗಿ ನನ್ನ ಸೀರೆಯ ಸೆರಗನ್ನು ಬಿಡಲಿಲ್ಲ. ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಅಮ್ಮನ ಕೈಗೆ ಕೊಟ್ಟವಳು ನಾನೇ.

ಅಲ್ಲಿ ಅವಳನ್ನು ಒಂದನೇ ತರಗತಿಗೇ ಹಾಕಿದರಂತೆ, ತನಗಿಂತ ಚಿಕ್ಕ ಮಕ್ಕಳ ಜೊತೆ. ಮೊದಲ ಕೆಲವು ತಿಂಗಳು ಶಾಲೆಯಲ್ಲಿ ಬಾಯಿಯೇ ಬಿಡಲಿಲ್ಲವಂತೆ. ಇದನ್ನು ಅವಳಪ್ಪ ಹೇಳಿದ್ದು. ಅವರು ಇನ್ನೂ ದುಖಾನ್‌ನಲ್ಲೇ ಇದ್ದರು. ಮುಂದೊಂದು ವರ್ಷ ಅವರು ಊರಿಗೆ ಹೋಗಿ ಬಂದು, ನಮ್ಮ ಮನೆಯಲ್ಲಿ ಚಾ ಕುಡಿಯುತ್ತ, ಮಗಳು ಈಗ ಅಜ್ಜಿಗೆ ಪೇಪರು ಓದಿ ಹೇಳುತ್ತಾಳೆ, ತರಗತಿಗೇ ಮುಂದಿದ್ದಾಳೆ ಎಂದರು.

“ಮತ್ತೆ ನಮ್ಮ ಕನ್ನಡ?” ಎಂದು ಕೇಳಿದೆ.

ಅವರು ನಕ್ಕು ಕೈ ಆಡಿಸಿದರು. “ಮಾಫಿ. ಖಲಾಸ್.” ಇಲ್ಲ, ಮುಗಿಯಿತು ಎಂದು ಅರಬ್ಬಿಯಲ್ಲಿ.

ಒಳ್ಳೆಯದಾಯಿತು ಎಂದೆ, ನಿಜವಾಗಿಯೂ ಒಳ್ಳೆಯದೇ ಆಗಿತ್ತು. ಆದರೂ ಅವರ ಆ ಮಾತು ಎದೆಗೆ ಚುಚ್ಚಿತು. ಚುಚ್ಚಿತಲ್ಲಾ ಎಂದು ನನಗೇ ನಾಚಿಕೆಯಾಗಿ, ಅವರ ಲೋಟಕ್ಕೆ ಇನ್ನಷ್ಟು ಚಾ ತರುವ ನೆವದಲ್ಲಿ ಒಳಗೆ ಹೋದೆ.