ಎಡಗಿವಿಯ ಮೇಲಿನ ಎರಡು ಮೈಲಿ

ಆ ಆಸ್ಪತ್ರೆಯಲ್ಲಿ ಮೆದುಳಿನ ಆಪರೇಷನ್ ಅಂದರೆ ಮೊದಲು ಬರುವವನು ಕ್ಷೌರಿಕ, ಡಾಕ್ಟರು ಆಮೇಲೆ. ಇಪ್ಪತ್ತಾರು ವರ್ಷದಿಂದ ಅವನು ರೋಗಿಗಳ ತಲೆ ಬೋಳಿಸುತ್ತಿದ್ದ. ಬೋಳುತಲೆಯ ಮೇಲೆ ಡಾಕ್ಟರು ನೇರಳೆ ಶಾಯಿಯಲ್ಲಿ ಗೀಟು ಎಳೆಯುವಾಗ ಪಕ್ಕದಲ್ಲೇ ನಿಂತು, ಕಿವಿಗೆ ಬಿದ್ದದ್ದನ್ನೆಲ್ಲ ಗಂಟು ಕಟ್ಟಿಕೊಂಡು, ಅರ್ಧ ಪಂಡಿತನೇ ಆಗಿಬಿಟ್ಟಿದ್ದ. ವಾರ್ಡಿನವರು ಅವನನ್ನು 'ಸಣ್ಣ ಡಾಕ್ಟರು' ಎಂದು ಕರೆಯುತ್ತಿದ್ದರು. ಅದು ತಮಾಷೆಗೆಂದು ಅವನಿಗೆ ಗೊತ್ತಿತ್ತು, ಆದರೂ ಬೇಡ ಅಂದವನಲ್ಲ.

ನೊರೆ ಹಚ್ಚಿ ಕತ್ತಿ ಕೈಗೆತ್ತಿಕೊಂಡನೋ, ಬಾಯಿ ಸುಮ್ಮನಿರುತ್ತಿರಲಿಲ್ಲ. "ಹಣೆ ಹಿಂದೆ ಯಜಮಾನ ಇರ್ತಾನೆ ನೋಡಿ. ಏನು ಮಾಡಬೇಕು, ಯಾವಾಗ ಬಾಯಿ ಮುಚ್ಚಬೇಕು, ಎಲ್ಲಾ ಅವನ ತೀರ್ಮಾನ. ನೆತ್ತಿ ಹತ್ರ ಕೈಕಾಲು ಆಡಿಸೋನು, ಅವನ ಬೆನ್ನಿಗೇ ಬಿಸಿ, ತಂಪು, ನೋವು ತಿಳಿಯೋನು. ಕಣ್ಣು ಮುಂದಿದ್ರೂ ನೋಟದ ಕೆಲಸ ನಡೆಯೋದು ತಲೆ ಹಿಂದುಗಡೆ." ಒಮ್ಮೆ ಗುತ್ತಿಗೆದಾರರೊಬ್ಬರ ಕತ್ತಿನ ಮೇಲ್ಗಡೆ ಬೋಳಿಸುತ್ತ, "ಇದರೊಳಗೆ ಕಿರುಮೆದುಳು. ಮೈ ಓಲಾಡದ ಹಾಗೆ ಹಿಡಿಯೋದು ಇದೇ. ಕೆಲವು ದಿನ ತೂರಾಡ್ತೀರಿ, ಹೆದರಬೇಡಿ" ಅಂದ. "ಅದೇನು ಹೊಸದಲ್ಲ ಬಿಡಪ್ಪ, ದಿನಾ ಬಾಗಿಲು ತೆಗೆಯೋಳು ನಾನೇ" ಅಂದರು ಅವರ ಹೆಂಡತಿ. ರೋಗಿಗಳ ಹತ್ತಿರ ಇದೆಲ್ಲ ಯಾಕೆ ಎಂದು ಅವತ್ತು ವಾರ್ಡಿನ ನರ್ಸಮ್ಮ ಅವನ ಬೆವರಿಳಿಸಿದರು.

ಕಿವಿಯ ಮೇಲ್ಭಾಗಕ್ಕೆ ಬಂದರೆ ಮಾತ್ರ ಹೆಂಡತಿಯನ್ನು ನೆನೆಯದೆ ಕತ್ತಿ ಮುಂದಕ್ಕೆ ಹೋಗುತ್ತಿರಲಿಲ್ಲ. "ನೆನಪು ಇರೋದು ಇದರ ಒಳಗಡೆ. ನಮ್ಮ ಮನೆಯವಳದ್ದು ಡಾಕ್ಟ್ರು ಒಂದ್ಸಲ ತೆಗೆದು ನೋಡಬೇಕು." ಅದಕ್ಕೆ ಕಾರಣ ಇತ್ತು. ಮದುವೆಯಾದ ಹೊಸತರಲ್ಲಿ ಇಬ್ಬರೂ ಸೈಕಲ್ಲಿನಲ್ಲಿ ಬರುತ್ತಿದ್ದಾಗ, ಏರು ಬಂತೆಂದು ಅವಳು ಹಿಂದಿನ ಕ್ಯಾರಿಯರಿನಿಂದ ಇಳಿದಿದ್ದಳು. ಏರು ಮುಗಿದ ಮೇಲೆ ಈ ಪುಣ್ಯಾತ್ಮ ಹಿಂದಿರುಗಿಯೂ ನೋಡದೆ, ಅವಳು ಕೂತಿದ್ದಾಳೆಂದೇ ಮಾತಾಡುತ್ತ ತುಳಿದುಕೊಂಡು ಹೋಗಿದ್ದ. ಅವಳ ಪ್ರಕಾರ ಎರಡು ಮೈಲಿ, ಇವನ ಪ್ರಕಾರ ಒಂದು. ಮೂವತ್ತೊಂದು ವರ್ಷದಿಂದ, ಅಡುಗೆಗೆ ಉಪ್ಪು ಹೆಚ್ಚಾಯಿತು ಅಂದರೂ ಆ ಎರಡು ಮೈಲಿ ಹೊರಗೆ ಬರುತ್ತಿತ್ತು.

ಹೀಗಿರುವಾಗ ಅವಳಿಗೇ ತಲೆನೋವು ಶುರುವಾಯಿತು. ಮಾತಿನ ನಡುವೆ ಚಮಚ, ಬಕೆಟ್ಟು ಎಂಬ ಹೆಸರುಗಳೇ ಸಿಗದೆ "ಅದು, ಅದು" ಅನ್ನತೊಡಗಿದಳು. ಸ್ಕ್ಯಾನ್ ಮಾಡಿಸಿದರೆ ಎಡಗಿವಿಯ ಮೇಲೆ ಗಡ್ಡೆ. "ತೆಗೀಬಹುದು. ಆದರೆ ಮಾತು, ನೆನಪು ಎರಡೂ ಅದರ ಅಕ್ಕಪಕ್ಕದಲ್ಲೇ ಇವೆ" ಅಂದರು ಡಾಕ್ಟರು. ಅವನಿಗೆ ಅದನ್ನು ಬಿಡಿಸಿ ಹೇಳಬೇಕಾಗಿರಲಿಲ್ಲ. ಇಷ್ಟೆಲ್ಲ ಯಾಕಾದರೂ ಕಲಿತೆನೋ ಎಂದು ಮೊದಲ ಸಲ ಅನ್ನಿಸಿತು.

ಬೇರೆಯವರ ಕೈಗೆ ಕತ್ತಿ ಕೊಡಲು ಒಪ್ಪದೆ ಅವನೇ ಅವಳ ತಲೆ ಬೋಳಿಸಲು ನಿಂತ. ನೊರೆ ಹಚ್ಚಿದ, ಕತ್ತಿ ಕಿವಿಯ ಮೇಲ್ಭಾಗಕ್ಕೆ ಬಂತು.

"ಏನು, ಇವತ್ತು ಪಾಠ ಇಲ್ವಾ?" ಅಂದಳು.

"ಅಲುಗಾಡಬೇಡ ಕಣೇ."

"ನಂಗೆ ಎಲ್ಲಾ ಮರೆತೇ ಹೋದ್ರೆ ನಿಮಗೆ ಆರಾಮ ಅಲ್ವಾ? ಆ ಅದು... ತುಳಿಯೋದು..."

"ಸೈಕಲ್" ಎಂದು ಅವನೇ ಹೇಳಿಕೊಟ್ಟ. ತನ್ನ ಮೇಲಿನ ದೂರಿಗೆ ತಾನೇ ಮಾತು ಒದಗಿಸಿದ್ದು ಅದೇ ಮೊದಲು. ಕಣ್ಣು ಮಂಜಾಗಿ, ಕತ್ತಿ ಕೆಳಗಿಟ್ಟು, ಮೂಗು ಒರೆಸಿಕೊಂಡು ಮತ್ತೆ ಶುರುಮಾಡಿದ.

ಆಪರೇಷನ್ ಆದ ಮೂರನೆಯ ದಿನ ಬೆಳಿಗ್ಗೆ ಡಾಕ್ಟರು ಅವಳಿಗೆ ಪೆನ್ನು ತೋರಿಸಿದರು. "ಪೆನ್ನು" ಅಂದಳು. ಕನ್ನಡಕ ತೋರಿಸಿದರು. ಸ್ವಲ್ಪ ತಡವರಿಸಿ ಅದನ್ನೂ ಹೇಳಿದಳು. ಆಮೇಲೆ ಮಂಚದ ಕಾಲಬದಿ ನಿಂತಿದ್ದವನನ್ನು ತೋರಿಸಿ, "ಇವರು ಯಾರಮ್ಮ?" ಎಂದು ಕೇಳಿದರು.

ಅವಳು ನೋಡಿದಳು. ನೋಡುತ್ತಲೇ ಇದ್ದಳು.

"ಏರು ಬಂತು ಅಂತ ಇಳಿದೋಳನ್ನ ಅಲ್ಲೇ ಬಿಟ್ಟು, ಒಬ್ಬರೇ ಮಾತಾಡ್ಕೊಂಡು ಸೈಕಲ್ ತುಳ್ಕೊಂಡು ಹೋದೋರು. ಎರಡು ಮೈಲಿ."

ಅವನು ಮಂಚದ ಕಂಬಿ ಹಿಡಿದುಕೊಂಡು ಅತ್ತುಬಿಟ್ಟ. "ಹೌದು ಕಣೇ. ನೀನು ಹೇಳಿದ್ದೇ ಸರಿ. ಎರಡು ಮೈಲಿ."

ಅವಳು ಗಾಬರಿಯಾಗಿ ಡಾಕ್ಟರ ಕಡೆ ತಿರುಗಿದಳು.

"ಡಾಕ್ಟ್ರೇ, ಇವರ ತಲೇನೂ ಒಂದ್ಸಲ ನೋಡಿಬಿಡಿ."