ಮೇಲಿನ ಸ್ವರ

ರಿಪೇರಿ ಅಕ್ಕನ ಅಂಗಡಿಯಲ್ಲಿ ಕೆಟ್ಟ ಟಿವಿ, ರೇಡಿಯೊಗಳಿಗಿಂತ ಹಳೆಯ ವಿಡಿಯೊ ಗೇಮುಗಳ ರಾಶಿಯೇ ದೊಡ್ಡದು. ಯಾರೋ ಆಡಿ ಬಿಸಾಡಿದ, ಅಂಗೈಯಗಲದ ಡಬ್ಬಿಗಳು. ಅವುಗಳಲ್ಲಿ ಎರಡನ್ನು ಬಿಚ್ಚಿ, ಒಂದೊಂದಕ್ಕೂ ಪುಟ್ಟ ಕೀಲಿಮಣೆ ಬೆಸೆದು, ಅವಳು ವಾದ್ಯ ಮಾಡಿದ್ದಳು. ಅವಳೂ ಅವಳ ತಮ್ಮನೂ ಅವುಗಳಲ್ಲಿ ನುಡಿಸುತ್ತಿದ್ದುದು ನಾನೂರು ವರ್ಷ ಹಿಂದೆ ಯಾವುದೋ ಅರಮನೆಗೆಂದು ಬರೆದ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತ. ಕೇಳಿದವರು ಮೊದಲು ನಗುತ್ತಿದ್ದರು, ಆಮೇಲೆ ಸುಮ್ಮನಾಗುತ್ತಿದ್ದರು.

ಒಂದು ಡಬ್ಬಿಗೆ ಒಮ್ಮೆಗೆ ಮೂರೇ ಸ್ವರ. ನಾಲ್ಕನೆಯದು ಬಂದರೆ ಮೊದಲಿನದೊಂದು ಸಾಯಲೇಬೇಕು. ಅದಕ್ಕೇ ಇಬ್ಬರು.

ತಮ್ಮನಿಗೆ ಬೀದಿಯವರಿಟ್ಟ ಹೆಸರು ಕಿವಿಯಣ್ಣ. ಶಾಲೆ, ಸಭಾಂಗಣಗಳ ಪಿಯಾನೊಗಳಿಗೆ ಶ್ರುತಿ ಕೂಡಿಸುವುದು ಅವನ ಕಸುಬು. ಕಿವಿಯೇ ಅವನ ಅನ್ನ. ಅಮ್ಮ ಹೋದಾಗ ಅವನಿನ್ನೂ ತೊದಲುತ್ತಿದ್ದ. ಅಕ್ಕನೇ ಸಾಕಿದಳು. ಅತ್ತರೆ ಗೇಮಿನ ಸದ್ದು ಕೇಳಿಸಿ ಮಲಗಿಸುತ್ತಿದ್ದಳು.

ಅವನ ಡಬ್ಬಿಗೊಂದು ಕೆಟ್ಟ ಚಾಳಿಯಿತ್ತು. ಬೆನ್ನಿಗೆ ಸಿಕ್ಕಿಸಿದ ಗೇಮಿನ ಕ್ಯಾಸೆಟ್ಟು ಸಡಿಲವಾದರೆ ಸ್ವರ ಸಿಕ್ಕಿಕೊಂಡು, ಬೆರಳು ತೆಗೆದರೂ ಕೂಗುತ್ತಲೇ ಇರುತ್ತಿತ್ತು. ಕೇಳಿದ ಕ್ಷಣವೇ ಅವನು ಹೆಬ್ಬೆರಳಲ್ಲಿ ಕ್ಯಾಸೆಟ್ಟು ಒತ್ತಿಬಿಡುತ್ತಿದ್ದ.

"ಕೊಡೋ, ಸರಿ ಮಾಡ್ತೀನಿ" ಎಂದರೆ, "ನನ್ನ ಕಿವಿ ಇರೋವರ್ಗೂ ಅದ್ಯಾಕಕ್ಕ?" ಎನ್ನುತ್ತಿದ್ದ.

ಹೀಗಿರುವಾಗ ಒಂದು ಸಂಜೆ ಅಭ್ಯಾಸದ ನಡುವೆ, "ಅಕ್ಕ, ನಿನ್ನ ಡಬ್ಬೀಲಿ ಮೇಲಿನ ಸ್ವರ ಬರ್ತಿಲ್ಲ ನೋಡು" ಎಂದ.

ಬರುತ್ತಿತ್ತು. ಹಲ್ಲು ಜುಮ್ಮೆನ್ನುವಷ್ಟು ಬರುತ್ತಿತ್ತು. ತಮಾಷೆಯಿರಬೇಕೆಂದು ಅವನ ಮುಖ ನೋಡಿದಳು. ತಮಾಷೆಯಲ್ಲ.

"ನೋಡ್ತೀನಿ ಬಿಡು" ಎಂದಳು. ತಪ್ಪಿದ್ದು ಅಲ್ಲೇ. ಡಬ್ಬಿ ಬಿಚ್ಚಿದಳು, ಮುಚ್ಚಿದಳು, ಸರಿಹೋಯಿತೆಂದಳು. ಮತ್ತೆ ಅದೇ ದೂರು, ಮತ್ತೆ ಬಿಚ್ಚಿದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರಂತೆ! ಅಂಥ ಕೈಗುಣದ ಹೆಂಗಸು, ಗಟ್ಟಿಮುಟ್ಟಾದ ಡಬ್ಬಿಯ ಮುಂದೆ ಬೆಸುಗೆ ಕಡ್ಡಿ ಕಾಯಿಸಿಕೊಂಡು ಕೂರುತ್ತಿದ್ದಳು. ನಿಜವಾಗಿ ಕೆಟ್ಟಿದ್ದ ಅವನ ಡಬ್ಬಿಯನ್ನು ಮುಟ್ಟುವುದೇ ಮರೆತಿತ್ತು.

ಅವನು ಶ್ರುತಿ ಕೂಡಿಸುತ್ತಿದ್ದ ಶಾಲೆಯ ಸಂಗೀತದ ಟೀಚರೊಬ್ಬರು ಅಂಗಡಿಗೇ ಬಂದರು. "ನಿಮ್ಮ ತಮ್ಮ ಬಂದು ಹೋದ್ಮೇಲೆ ಪಿಯಾನೊದ ಬಲಗಡೆ, ಮೇಲಿನ ಸ್ವರಗಳ ಕಡೆ, ಯಾಕೋ ಅಳುತ್ತಮ್ಮ" ಎಂದು ಮೆಲ್ಲಗೆ ಹೇಳಿದರು.

"ಅವನಿಗೆ ಶೀತ ಆಗಿದೆ ಮೇಡಂ" ಎಂದಳು. ಬೀಸುವ ದೊಣ್ಣೆ ತಪ್ಪಿದರೆ ಸಾವಿರ ವರ್ಷ ಆಯಸ್ಸು. ಆದರೆ ದೊಣ್ಣೆ ಮತ್ತೆ ಬೀಸಿಯೇ ಬೀಸುತ್ತದೆಂದು ಅವಳಿಗೆ ಗೊತ್ತಿತ್ತು. ಹೇಳಿದರೆ ಅವನ ಕಸುಬು ಹೋಗುತ್ತದೆ. ಕಸುಬು ಹೋದರೆ ಅವನಲ್ಲಿ ಉಳಿಯುವುದೇನು? ಸಭಾಂಗಣದಲ್ಲಿ ನಾವಿಬ್ಬರೂ ನುಡಿಸಬೇಕಾದ ಕಚೇರಿಯೊಂದು ಮುಗಿಯಲಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗೋಣ ಎಂದು ದಿನ ತಳ್ಳಿದಳು.

ಕಚೇರಿಯ ದಿನ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಅವನಿಗೆ ಕೆಲಸ ಕೊಡುವವರೇ ಕೂತಿದ್ದರು, ಆ ಟೀಚರೂ ಇದ್ದರು. ಮೊದಲನೆಯದು ಚೆನ್ನಾಗಿ ಮುಗಿಯಿತು. ಎರಡನೆಯದರ ನಡುವೆ ಕ್ಯಾಸೆಟ್ಟು ಸಡಿಲವಾಯಿತು, ತಮ್ಮನ ಡಬ್ಬಿಯದು. ಮೇಲಿನ ಸ್ವರ ಸಿಕ್ಕಿಕೊಂಡು ಕಿವಿ ಕೊರೆಯುವಂತೆ ಕೂಗತೊಡಗಿತು.

ಒತ್ತೋ, ಒತ್ತೋ ಮಾರಾಯ ಎಂದು ಅವಳು ಒಳಗೊಳಗೇ ಬೇಡಿಕೊಂಡಳು. ಅವನು ಒತ್ತಲಿಲ್ಲ. ಕಣ್ಣು ಮುಚ್ಚಿ, ತುಟಿಯಂಚಿನಲ್ಲಿ ನಗು ಇಟ್ಟುಕೊಂಡು ನುಡಿಸುತ್ತಲೇ ಇದ್ದ. ಮುಂದಿನ ಸಾಲಿನವರು ಕಿವಿ ಮುಚ್ಚಿಕೊಂಡರು, ಹಿಂದಿನವರೂ ಮುಚ್ಚಿಕೊಂಡರು. ಅವನು ಕಣ್ಣು ಬಿಟ್ಟಾಗ ಸಭೆಯ ತುಂಬ ಕಿವಿಗಳ ಮೇಲೆ ಕೈಗಳೇ.

"ನಿಂದು ಮತ್ತೆ ಕೆಡ್ತಾ ಅಕ್ಕ?" ಎಂದು ಪಿಸುಗುಟ್ಟಿದ.

ಇನ್ನು ತಡೆಯಲಾಗಲಿಲ್ಲ. ಅವಳು ಕೈಚಾಚಿ ಅವನ ಡಬ್ಬಿಯ ಕ್ಯಾಸೆಟ್ಟನ್ನು ಒತ್ತಿದಳು. ಸಭೆಯ ಕೈಗಳೆಲ್ಲ ಒಟ್ಟಿಗೆ ಕೆಳಗಿಳಿದವು.

ಅವನು ಆ ಕೈಗಳನ್ನು ನೋಡಿದ. ಆಮೇಲೆ ತನ್ನ ಡಬ್ಬಿಯ ಮೇಲಿದ್ದ ಅಕ್ಕನ ಹೆಬ್ಬೆರಳನ್ನು ನೋಡಿದ. ನೋಡುತ್ತಲೇ ಇದ್ದ.

"ಅಷ್ಟು ಸಲ ಬಿಚ್ಚಿದ್ಯಲ್ಲಕ್ಕ" ಎಂದ. "ನಿನ್ನ ಡಬ್ಬೀಲಿ ಏನು ಕೆಟ್ಟಿತ್ತು?"

"ಏನೂ ಕೆಟ್ಟಿರ್ಲಿಲ್ಲ ಕಣೋ."

ಅವನು ಕೀಲಿಮಣೆಯಿಂದ ಎರಡೂ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ.